ಅಗತ್ತಿಯೋ ದಿಯುವೋ? ಎರಡು ರಜೆ, ಎರಡು ಪುಟ್ಟ ವಿಮಾನ ನಿಲ್ದಾಣ

ದಾವಣಗೆರೆಯವರಿಗೆ ನೀರು ಅಂದ್ರೆ ಕುಂದವಾಡ ಕೆರೆ, ಇನ್ನೂ ದೊಡ್ಡದು ಬೇಕಂದ್ರೆ ಸೂಳೆಕೆರೆ. ಅದಕ್ಕೇ ಇರಬೇಕು, ನಮ್ಮ ಮನೆಯಲ್ಲಿ ರಜೆ ಹತ್ತಿರ ಬಂದರೆ ಸಮುದ್ರದ ಹುಚ್ಚು ಹಿಡಿಯುತ್ತದೆ. ನಾನು ಹೈಸ್ಕೂಲು ಮೇಷ್ಟ್ರು. ಊರು ಬಿಡಲು ನನಗೆ ಸಿಗುವುದು ಎರಡೇ ಹೊತ್ತು: ಬೇಸಿಗೆ ರಜೆ, ದಸರೆ ರಜೆ. 2023ರ ಏಪ್ರಿಲ್‌ನಲ್ಲಿ ಲಕ್ಷದ್ವೀಪದ ಅಗತ್ತಿಗೆ ಹೋದೆವು. 2024ರ ದಸರೆಗೆ ಗುಜರಾತ್ ತೀರದ ದಿಯು. ಎರಡೂ ಕಡೆ ಅದೇ ನಾಲ್ಕು ಜನ: ನಾನು, ಹೆಂಡತಿ, ಮಗಳು, ಅವ್ವ. ಎರಡೂ ದ್ವೀಪ, ಎರಡಕ್ಕೂ ಪುಟ್ಟ ವಿಮಾನ ನಿಲ್ದಾಣ. ಸ್ಟಾಫ್ ರೂಮಿನಲ್ಲಿ ಈಗಲೂ ಯಾರಾದರೂ ಕೇಳುತ್ತಿರುತ್ತಾರೆ, "ಯಾವುದು ಚಲೋ ಐತಿ ಸಾರ್?" ಅಂತ. ಪ್ರತಿಸಲ ಒಂದು ಪೀರಿಯಡ್ಡು ಹೋಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಹೊರಡುವ ತಯಾರಿ. ದಿಯುಗೆ ತಯಾರಿಯೇ ಬೇಡ. ಆಧಾರ್ ಕಾರ್ಡ್ ಇದ್ದರೆ ಮುಗಿಯಿತು. ಅಗತ್ತಿಗೆ ಹಾಗಲ್ಲ. ಲಕ್ಷದ್ವೀಪಕ್ಕೆ ಹೊರಗಿನವರು ಕಾಲಿಡಲು ಪರ್ಮಿಟ್ ಬೇಕು. ಅದಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕು. "ಎಪ್ಪತ್ತೆರಡು ವರ್ಷದಾಕಿ ಮೇಲೆ ಏನು ಕೇಸ್ ಇರ್ತೈತಪ್ಪಾ?" ಅಂತ ಅವ್ವ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದಳು. ಪರ್ಮಿಟ್ ಕೈಗೆ ಬರುವ ತನಕ ಟಿಕೆಟ್ ಮಾಡಿಸಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ದರ ಏರಿತ್ತು.

ದಾರಿಯೂ ಸುತ್ತು. ನಾವು ಹೋದಾಗ ಅಗತ್ತಿಗೆ ಕೊಚ್ಚಿಯಿಂದಲೇ ಹಾರಬೇಕಿತ್ತು. ರಾತ್ರಿ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಕೊಚ್ಚಿಗೆ ಒಂದು ವಿಮಾನ, ಕೊಚ್ಚಿಯಿಂದ ಇನ್ನೊಂದು. ಬೆಂಗಳೂರಿನಿಂದ ನೇರ ವಿಮಾನ ಶುರುವಾಗಿದ್ದು 2024ರ ಮಾರ್ಚ್ 31ಕ್ಕೆ, ನಾವು ಹೋಗಿ ಬಂದ ಮುಂದಿನ ವರ್ಷ. ನಮ್ಮ ಅದೃಷ್ಟ ಯಾವಾಗಲೂ ಒಂದು ವರ್ಷ ಲೇಟು. ದಿಯುಗೆ ದಾದರ್ ರೈಲು ಹತ್ತಿ, ಮುಂಬೈನಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ವಿಮಾನ ಹತ್ತಿದೆವು. ಮೈ ನೋವು ಎರಡಕ್ಕೂ ಒಂದೇ.

ಈಗ ಇಳಿಯುವ ವಿಚಾರ. ಇಲ್ಲಿ ಅಗತ್ತಿಗೆ ಸಾಟಿಯಿಲ್ಲ. ಕೊಚ್ಚಿಯಿಂದ ಅಗತ್ತಿಗೆ ಸುಮಾರು 460 ಕಿ.ಮೀ. ಒಂದೂವರೆ ಗಂಟೆ ಕೆಳಗೆ ಬರೀ ನೀಲಿ. ವಿಮಾನ ಎಟಿಆರ್ 72, ಎರಡು ರೆಕ್ಕೆಗೆ ಒಂದೊಂದು ಪಂಖ. ಅವ್ವ ಅದಕ್ಕೆ "ಫ್ಯಾನಿನ ವಿಮಾನ" ಅಂತ ಹೆಸರಿಟ್ಟಳು. ಇಳಿಯುವಾಗ ಎಡಗಡೆ ಕಿಟಕಿಯಲ್ಲಿ ನೀರು, ಬಲಗಡೆ ನೀರು, ಇನ್ನೇನು ಚಕ್ರ ನೀರಿಗೇ ತಾಗಿತು ಅನ್ನುವಾಗ ಧಡ್ ಅಂತ ನೆಲ. ಆಮೇಲೆ ಹಾಕಿದ ಬ್ರೇಕಿಗೆ ನನ್ನ ಕಾಲಡಿಯ ಚೀಲ ಮುಂದಿನ ಸೀಟಿನವರ ಕಾಲಡಿಗೆ ಹೋಗಿತ್ತು. ದ್ವೀಪವೇ ಏಳೂವರೆ ಕಿ.ಮೀ. ಉದ್ದ, ಅಗಲ ಹೆಚ್ಚೆಂದರೆ ಒಂದು ಕಿ.ಮೀ. ಅದರ ದಕ್ಷಿಣದ ಬಾಲದ ಮೇಲೆ ಸುಮಾರು 1,200 ಮೀಟರ್ ರನ್‌ವೇ ಹಾಸಿದ್ದಾರೆ. ಹೋಲಿಕೆಗೆ ನಮ್ಮ ಪಕ್ಕದ ಶಿವಮೊಗ್ಗ ನೋಡಿ. ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ನಿಲ್ದಾಣದ ರನ್‌ವೇ 3,200 ಮೀಟರ್. ಅಷ್ಟುದ್ದದ್ದನ್ನು ಅಗತ್ತಿಯಲ್ಲಿ ಹಾಸಿದರೆ ಹತ್ತಿರತ್ತಿರ ಅರ್ಧ ದ್ವೀಪ ಖರ್ಚಾಗುತ್ತದೆ.

ರನ್‌ವೇ ಗಿಡ್ಡ ಇದ್ದರೆ ಅದರ ಬಿಸಿ ಪ್ರಯಾಣಿಕರಿಗೂ ತಟ್ಟುತ್ತದೆ. ವಿಮಾನ ಹೆಚ್ಚು ಭಾರ ಹೊತ್ತು ಏಳಲಾಗದು. ಬೇಸಿಗೆಯಲ್ಲಂತೂ ಬಿಸಿಗಾಳಿ ತೆಳುವಾಗಿ ರೆಕ್ಕೆಗೆ ಹಿಡಿತ ಕಡಿಮೆ. ಹಾಗಾಗಿ ಚೀಲದ ತೂಕದಲ್ಲಿ ಬಿಗಿ. ಕೊಚ್ಚಿಯ ಕೌಂಟರಿನಲ್ಲಿ ನಮ್ಮ ಚೀಲಗಳು ಒಂದೊಂದಾಗಿ ತಕ್ಕಡಿ ಏರಿದವು. ಹೆಂಡತಿಯ ಸೂಟ್‌ಕೇಸ್ ಮೂರು ಕೆ.ಜಿ. ಜಾಸ್ತಿ ಬಂತು, ದುಡ್ಡು ಕಟ್ಟಿದೆವು. ಅವ್ವನ ಚೀಲ ಎಲ್ಲಕ್ಕಿಂತ ದೊಡ್ಡದು, ನಾನು ಉಸಿರು ಬಿಗಿಹಿಡಿದೆ. ಮುಳ್ಳು ಏಳಲೇ ಇಲ್ಲ! ಒಳಗೆ ಎರಡು ಸೀರೆ, ಉಳಿದದ್ದೆಲ್ಲ ಮಂಡಕ್ಕಿ. ದ್ವೀಪಕ್ಕೆ ಒಯ್ಯಲು ನಮ್ಮೂರ ಮಂಡಕ್ಕಿಯಂಥ ಬುತ್ತಿ ಇನ್ನೊಂದಿಲ್ಲ, ಬರೆದಿಟ್ಟುಕೊಳ್ಳಿ.

ಆ ಮಂಡಕ್ಕಿ ಬೇಕೂ ಆಯಿತು. ಅಗತ್ತಿಯಲ್ಲಿ ಊಟ ಅಂದ್ರೆ ಮೀನು. ಸೂರೆ ಮೀನು (ಟ್ಯೂನಾ), ಒಣಗಿಸಿದ ಮೀನು, ಕೊಬ್ಬರಿ ಹಾಕಿದ ಮೀನು. ತಿನ್ನುವವರಿಗೆ ಹಬ್ಬ. ನಾವು ತಿನ್ನದವರು. ತರಕಾರಿ ಕೇರಳದಿಂದ ಹಡಗಿನಲ್ಲಿ ಬರಬೇಕು. ನಾವು ಉಳಿದ ಮನೆಯವರು ಪಾಪ, ಎಲ್ಲಿಂದಲೋ ಎಲೆಕೋಸು ತಂದು ಪಲ್ಯ ಮಾಡಿ ಹಾಕಿದರು. ಐದನೇ ದಿನವೂ ಅದೇ ಎಲೆಕೋಸು. ದಿಯುನಲ್ಲಿ ಈ ಪಾಡಿಲ್ಲ. ಗುಜರಾತಿ ಥಾಲಿ ಕೇಳಿದಷ್ಟು ಬಡಿಸುತ್ತಾರೆ, ದಾಲ್ ಮಾತ್ರ ಸ್ವಲ್ಪ ಸಿಹಿ.

ದಿಯುನಲ್ಲಿ ಇಳಿಯುವುದರಲ್ಲಿ ಅಂಥ ರೋಮಾಂಚನ ಇಲ್ಲ. ರನ್‌ವೇ 1,800 ಮೀಟರ್ ಚಿಲ್ಲರೆ, ಆರಾಮಾಗಿ ನಿಲ್ಲುತ್ತದೆ. ಆದರೆ ಅದಕ್ಕೊಂದು ಹಳೆಯ ಕಥೆ ಇದೆ. 1954ರಲ್ಲಿ ಅದನ್ನು ಕಟ್ಟಿಸಿದವರು ಪೋರ್ಚುಗೀಸರು. ಸ್ವತಂತ್ರ ಭಾರತ ನೆಲದ ದಾರಿ ಬಿಗಿ ಮಾಡಿತ್ತು, ಗೋವಾ, ದಮನ್, ದಿಯು ನಡುವೆ ಓಡಾಡಲು ಅವರಿಗೆ ಆಕಾಶವೇ ಗತಿ. 1961ರ ಡಿಸೆಂಬರಿನಲ್ಲಿ ನಮ್ಮ ವಾಯುಪಡೆ ಇದೇ ನಿಲ್ದಾಣದ ಮೇಲೆ ಬಾಂಬು ಹಾಕಿತು. ಈಗ ಅಲ್ಲಿ ಇಳಿದು, ಚೀಲ ಎಳೆದುಕೊಂಡು ಸ್ವಲ್ಪ ಹೋದರೆ ನಾಗೋವಾ ಬೀಚು. ದಾರಿಬದಿಯಲ್ಲಿ ಕವಲೊಡೆದ ತಾಳೆಮರ, ಅಲ್ಲಿಯವರು ಹೋಕಾ ಅನ್ನುತ್ತಾರೆ. "ಇದೇನಪ್ಪಾ, ನಮ್ಮ ಬಸ್‌ಸ್ಟ್ಯಾಂಡಿಗಿಂತ ಸಣ್ಣದೈತಲ್ಲ" ಅಂದಳು ಅವ್ವ. ಹೌದು. ಅದೇ ಅದರ ಸುಖ. ನಡೆದದ್ದು ಕಡಿಮೆ, ಕಾದದ್ದು ಕಡಿಮೆ, ಟ್ಯಾಕ್ಸಿಯವರ ಜೊತೆ ಜಗಳ ಮಾತ್ರ ಎಲ್ಲ ಕಡೆಯಂತೆ.

ಇಷ್ಟರಲ್ಲಿ ಅಂಕ ಸಮ ಅನ್ನಿಸಬಹುದು. ವ್ಯತ್ಯಾಸ ಗೊತ್ತಾಗಿದ್ದು ವಾಪಸ್ ಬರುವಾಗ.

ಅಗತ್ತಿಯಲ್ಲಿ ಹೊರಡುವ ದಿನ ಬೆಳಿಗ್ಗೆಯಿಂದ ಮೋಡ. ಏಪ್ರಿಲ್ ಕೊನೆ, ಮುಂಗಾರಿಗೆ ಇನ್ನೂ ಟೈಮಿತ್ತು, ಆದರೂ ಮಳೆ ಹಿಡಿಯಿತು. ಚೆಕ್‌-ಇನ್ ಆಗಿ ಕೂತಿದ್ದೆವು. ಮೋಡದ ಮೇಲೆ ವಿಮಾನದ ಸದ್ದು ಬಂತು, ಎಲ್ಲರೂ ಎದ್ದು ನಿಂತೆವು. ಸದ್ದು ಉತ್ತರಕ್ಕೆ ಹೋಯಿತು, ತಿರುಗಿ ಬಂತು. ಇನ್ನೊಂದು ಸುತ್ತು. ಆಮೇಲೆ ಸಣ್ಣದಾಗುತ್ತಾ ಹೋಗಿ, ಮಳೆಯ ಸದ್ದು ಮಾತ್ರ ಉಳಿಯಿತು. ಯಾರೂ ಏನೂ ಹೇಳಬೇಕಿರಲಿಲ್ಲ. ವಿಮಾನ ಕೊಚ್ಚಿಗೆ ವಾಪಸ್ ಹೋಗಿತ್ತು. ಹೊರಗೆ ಬಂದರೆ ನಾವು ಉಳಿದಿದ್ದ ಮನೆಯ ಯಜಮಾನರು ಆಟೋ ಜೊತೆ ಅಲ್ಲೇ ನಿಂತಿದ್ದರು. ನಮ್ಮನ್ನು ಬಿಟ್ಟು ಹೋಗಿರಲೇ ಇಲ್ಲ! ಆಕಾಶ ನೋಡಿ ಅವರಿಗೆ ಮೊದಲೇ ಗೊತ್ತಾಗಿತ್ತು.

ಮಾರನೇ ದಿನದ ವಿಮಾನದಲ್ಲಿ ಆ ದಿನದವರೇ ತುಂಬಿದ್ದರು. ನಮಗೆ ಸೀಟು ಸಿಕ್ಕಿದ್ದು ಮೂರನೇ ದಿನ. ಹಡಗು ಕೇಳಿದೆವು, ಅದೂ ಭರ್ತಿ. ಅವತ್ತು ರಾತ್ರಿ ಅವ್ವನ ಬಿಪಿ ಮಾತ್ರೆ ಎಣಿಸಿದೆ. ಹಾಳೆಯಲ್ಲಿ ಉಳಿದಿದ್ದು ಒಂದೇ. ಪುಣ್ಯಕ್ಕೆ ಅಗತ್ತಿಯ ಆಸ್ಪತ್ರೆಯಲ್ಲಿ ಅದೇ ಮಾತ್ರೆ ಸಿಕ್ಕಿತು. ಆದರೆ ಕೊಚ್ಚಿ–ಬೆಂಗಳೂರು ಟಿಕೆಟ್ ಬೇರೆಯಾಗಿ ಮಾಡಿಸಿದ್ದೆವು, ಆ ದುಡ್ಡು ಮುಳುಗಿತು. ಕೊಡಲು ಆಗುವುದಿಲ್ಲ ಅಂತ ಆ ವಿಮಾನ ಕಂಪನಿಯವರು ಬಹಳ ಸಿಹಿಯಾಗಿ ಹೇಳಿದರು.

ನಿಜ ಹೇಳಬೇಕಂದ್ರೆ, ಆ ಹೆಚ್ಚಿನ ಎರಡು ದಿನವೇ ನನ್ನ ಮಗಳಿಗೆ ಅತ್ಯಂತ ಇಷ್ಟವಾದ ದಿನ. ಮಳೆ ನಿಂತ ಮೇಲೆ ಲಗೂನಿನ (ಹವಳದ ದಿಬ್ಬದ ಒಳಗಿನ ಶಾಂತ ಕಡಲು) ನೀರು ಸೊಂಟದ ತನಕ, ತಳದ ಮರಳಿನ ಮೇಲೆ ಅವಳ ನೆರಳು ಬೀಳುತ್ತಿತ್ತು. ಒಂದು ಆಮೆ ಬಂದು ಅವಳ ಪಕ್ಕದಲ್ಲೇ ಹುಲ್ಲು ತಿಂದು ಹೋಯಿತು. ದಿಯುನ ಸಮುದ್ರದಲ್ಲಿ ನಿಮ್ಮ ಪಾದವೂ ಕಾಣುವುದಿಲ್ಲ.

ದಿಯುನಲ್ಲೂ ವಿಮಾನ ಕೈಕೊಟ್ಟಿತು. ಬೆಳಿಗ್ಗೆ ಮೊಬೈಲಿಗೆ ಒಂದು ಸಾಲಿನ ಮೆಸೇಜು, ರದ್ದು ಅಂತ. ಇಲ್ಲಿ ನೋಡಿ ಫರಕು. ದಿಯು ದ್ವೀಪ ಅನ್ನುವುದು ನಕ್ಷೆಯಲ್ಲಿ ಮಾತ್ರ. ನಡುವೆ ಒಂದು ಕಿರಿದಾದ ಕಾಲುವೆ, ಅದರ ಮೇಲೆ ಸೇತುವೆ, ಆಚೆ ಗುಜರಾತ್. ಅರ್ಧ ಗಂಟೆಯಲ್ಲಿ ಟ್ಯಾಕ್ಸಿ ಬಂತು. ವೆರಾವಲ್‌ಗೆ ಸುಮಾರು 90 ಕಿ.ಮೀ., ಅದಕ್ಕೂ ಮೊದಲೇ ಸೋಮನಾಥ. ಅವ್ವ ಜ್ಯೋತಿರ್ಲಿಂಗದ ಮುಂದೆ ಕೈಮುಗಿದು ನಿಂತವಳು ಕದಲಲೇ ಇಲ್ಲ. ವೆರಾವಲ್‌ನಿಂದ ಬಾಂದ್ರಾಕ್ಕೆ ರೈಲು, ದಾದರ್‌ನಿಂದ ಊರ ರೈಲು. "ವಿಮಾನ ಬಂದಿದ್ರೆ ಸೋಮನಾಥ ಎಲ್ಲಿ ಕಾಣ್ತಿದ್ದ?" ಅಂತ ಅವ್ವ ಈಗಲೂ ಹೇಳುತ್ತಾಳೆ.

ಸೀಸನ್ ಬಗ್ಗೆ ಎರಡು ಮಾತು. ದಿಯುಗೆ ದೀಪಾವಳಿ ವಾರ ಮಾತ್ರ ಬೇಡ. ಗುಜರಾತಿನಲ್ಲಿ ಪಾನನಿಷೇಧ, ದಿಯುನಲ್ಲಿ ಇಲ್ಲ. ಉಳಿದದ್ದು ನೀವೇ ಊಹಿಸಿ. ದಸರೆ ರಜೆ ನಮಗೆ ಹೇಳಿ ಮಾಡಿಸಿದ್ದು, ಆಗ ಗುಜರಾತಿನವರೆಲ್ಲ ಊರಿನಲ್ಲಿ ಗರ್ಬಾ ಆಡುತ್ತಿರುತ್ತಾರೆ. ಅಗತ್ತಿಗೆ ಅಕ್ಟೋಬರಿನಿಂದ ಮಾರ್ಚ್ ಒಳಗೆ ಹೋಗಿ ಬನ್ನಿ, ಏಪ್ರಿಲ್ ಕೊನೆಗೆ ನಮ್ಮ ಹಾಗೆ ಜೂಜಾಡಬೇಡಿ.

ಪೋರ್ಟ್ ಬ್ಲೇರ್ ಯಾಕೆ ಬರೆದಿಲ್ಲ ಅಂತ ಕೇಳಬೇಡಿ. ಅದಕ್ಕೂ ಹೋಗಿದ್ದೇನೆ. ಜೆಟ್ ವಿಮಾನ ಇಳಿಯುವ ದೊಡ್ಡ ನಿಲ್ದಾಣ, 2023ರಲ್ಲಿ ಹೊಸ ಟರ್ಮಿನಲ್ ಬೇರೆ ಆಗಿದೆ. ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ಲೆಕ್ಕ ಹೀಗಿದೆ. ವಯಸ್ಸಾದವರು ಜೊತೆಗಿದ್ದರೆ, ಸೋಮವಾರ ಡ್ಯೂಟಿಗೆ ಬರಲೇಬೇಕಂದ್ರೆ ದಿಯು. ಕೈಯಲ್ಲಿ ಮೂರು ದಿನ ಹೆಚ್ಚಿಗೆ ಇದ್ದು, ಎಲೆಕೋಸು ಸಹಿಸುವುದಾದರೆ ಅಗತ್ತಿ. ಈ ಸಲ ನಾನು ರಜೆ ಹಾಕಿಯಾದರೂ ಸರಿ, ಕ್ರಿಸ್‌ಮಸ್ ಹೊತ್ತಿಗೆ ಅಂತ ಮಗಳು ಅಗತ್ತಿಗೇ ಹಟ ಹಿಡಿದಿದ್ದಾಳೆ. ಪೊಲೀಸ್ ಕ್ಲಿಯರೆನ್ಸಿಗೆ ಮೂರು ಅರ್ಜಿ ಸಾಕು ಅಂದುಕೊಂಡಿದ್ದೆ. ನಿನ್ನೆ ಅವ್ವ ಆಧಾರ್ ಕಾರ್ಡ್ ತಂದು ಮೇಜಿನ ಮೇಲಿಟ್ಟಳು. ಜೊತೆಗೆ ಮಾತ್ರೆ ಚೀಟಿ, ಹತ್ತು ದಿನದ್ದು ಜಾಸ್ತಿ ತರಬೇಕಂತೆ.