ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ರ‍್ಯಾಮೋ, ಬಳಸಿದ್ದೋ?

ಮೊದಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯ, ಅಂದರೆ ರ‍್ಯಾಮ್‌ನ, ವಿವರ ನೋಡಿ. ಎಷ್ಟು ಸ್ಲಾಟ್ (ರ‍್ಯಾಮ್ ಕೂರಿಸುವ ಜಾಗ) ಬಳಕೆಯಲ್ಲಿವೆ, ವೇಗವೆಷ್ಟು ಎಂಬುದು ಅಲ್ಲೇ ಸಿಗುತ್ತದೆ. ರ‍್ಯಾಮ್ ಬೋರ್ಡಿಗೇ ಬೆಸೆದಿದ್ದು ಸ್ಲಾಟೇ ಇಲ್ಲದಿದ್ದರೆ ಮಾತು ಮುಗಿಯಿತು.

ಹೊಸದರಲ್ಲಿ ವಾರಂಟಿ ಇದೆ, ನೆಮ್ಮದಿ ಇದೆ, ಬೆಲೆಯೂ ಇದೆ. ಬಳಸಿದ್ದು ಅಗ್ಗ. ಚಲಿಸುವ ಭಾಗಗಳಿಲ್ಲದ ಕಾರಣ ರ‍್ಯಾಮ್ ಅಷ್ಟು ಸುಲಭವಾಗಿ ಸವೆಯುವುದಿಲ್ಲ. ಓದು ಮುಗಿಸಿ ಮಣಿಪಾಲ ಬಿಡುವ ವಿದ್ಯಾರ್ಥಿ ಮಾರುವ ರ‍್ಯಾಮ್ ಆದರೂ ಸರಿ, ಮಂಗಳೂರಿನ ಹಂಪನಕಟ್ಟೆಯ ರಿಪೇರಿ ಅಂಗಡಿಯದ್ದಾದರೂ ಸರಿ, ಹಣ ಕೊಡುವ ಮುನ್ನ ಅಂಚಿನ ಚಿನ್ನದ ಬಣ್ಣದ ಪಿನ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ನಮ್ಮ ಕರಾವಳಿಯ ತೇವಕ್ಕೆ ಅಲ್ಲಿ ಮಸುಕು ಹಿಡಿಯಬಹುದು. ತೆಳು ಮಸುಕು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ, ಹಸಿರು ಕಿಲುಬು ಕಂಡರೆ ಬೇಡವೇ ಬೇಡ. ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷಾ ತಂತ್ರಾಂಶದಲ್ಲಿ ಒಂದು ಪೂರ್ಣ ಸುತ್ತು ಪರೀಕ್ಷಿಸಲು ಒಪ್ಪದ ಮಾರಾಟಗಾರನಿಗೆ ದೂರದಿಂದಲೇ ನಮಸ್ಕಾರ.

ಲ್ಯಾಪ್‌ಟಾಪ್ ರ‍್ಯಾಮ್‌ನಲ್ಲೂ ತಲೆಮಾರುಗಳಿವೆ: ಹಳೆಯ ಡಿಡಿಆರ್3ಎಲ್‌ಗೆ 204 ಪಿನ್, 1.35 ವೋಲ್ಟ್, ನಂತರದ ಡಿಡಿಆರ್4ಕ್ಕೆ 260 ಪಿನ್, 1.2 ವೋಲ್ಟ್. ಒಂದು ಇನ್ನೊಂದರ ಸ್ಲಾಟಿಗೆ ಕೂರುವುದಿಲ್ಲ.

ಇರುವ 4 ಜಿಬಿಗೆ ಮತ್ತೊಂದು 4 ಹಾಕುವುದಕ್ಕಿಂತ 8 ಹಾಕುವುದೇ ನನಗೆ ಸರಿಯೆನಿಸುತ್ತದೆ. ಜೋಡಿ ಸಮವಿಲ್ಲದಿದ್ದರೂ ಸಾಮಾನ್ಯವಾಗಿ ನಡೆಯುತ್ತದೆ. ವೇಗ ಬೇರೆಯಾದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಅಷ್ಟೇ.

ಯಂತ್ರದಲ್ಲಿ ಇನ್ನೂ ಹಾರ್ಡ್ ಡಿಸ್ಕ್ ತಿರುಗುತ್ತಿದೆಯೇ? ಹಾಗಾದರೆ ಬಳಸಿದ ರ‍್ಯಾಮ್ ಕೊಂಡು, ಉಳಿದ ಹಣವನ್ನು ಹಾರ್ಡ್ ಡಿಸ್ಕ್ ಜಾಗಕ್ಕೆ ಬರುವ, ಅದಕ್ಕಿಂತ ವೇಗದ ಹೊಸ ಎಸ್‌ಎಸ್‌ಡಿಗೆ ಹಾಕಿ. ಎಸ್‌ಎಸ್‌ಡಿಯನ್ನು ಮಾತ್ರ ಬಳಸಿದ್ದು ಕೊಳ್ಳಬೇಡಿ. ಅದು ಡೇಟಾ ಬರೆದಷ್ಟೂ ಸವೆಯುತ್ತದೆ.