ತತ್ಕಾಲ್‌ಗೆ ಆಧಾರ್: ಐದಕ್ಕೆ ನಾಲ್ಕು ಅಂಕ

2025ರ ಜುಲೈನಿಂದ ಆನ್‌ಲೈನ್‌ನಲ್ಲಿ ರೈಲಿನ ತತ್ಕಾಲ್ (ಕೊನೆ ಗಳಿಗೆಯ) ಟಿಕೆಟ್‌ಗೆ, ರೈಲ್ವೆಯ ಟಿಕೆಟ್ ತಾಣ ಐಆರ್‌ಸಿಟಿಸಿಯ ಖಾತೆದಾರರ ಆಧಾರ್ ದೃಢೀಕರಣ ಕಡ್ಡಾಯ. ಜೊತೆಗೆ ಏಜೆಂಟರಿಗೆ ಬುಕಿಂಗ್ ತೆರೆದ ಮೊದಲ ಅರ್ಧ ಗಂಟೆ ಬಾಗಿಲು ಬಂದ್. ಈ ಎರಡನೆಯದೇ ನನಗೆ ಹೆಚ್ಚು ಹಿಡಿಸಿತು: ಬೆಳಿಗ್ಗೆ ಹನ್ನೊಂದಕ್ಕೆ ಬುಕಿಂಗ್ ತೆರೆಯುವುದನ್ನೇ ಕಾದು ಕುಳಿತು ಹುಬ್ಬಳ್ಳಿಗೆ ಸ್ಲೀಪರ್ ಬರ್ತ್ ನಾನೇ ಹಿಡಿದೆ, ಅದೂ ಹಬ್ಬದ ಮುನ್ನಾದಿನಕ್ಕೆ!

ಆಧಾರ್ ಜೋಡಿಸುವುದು ಕಷ್ಟವಲ್ಲ. ಖಾತೆಯಲ್ಲಿರುವ ಹೆಸರು, ಜನ್ಮದಿನಾಂಕ ಕಾರ್ಡಿನೊಂದಿಗೆ ತಾಳೆಯಾಗಬೇಕು. ಒಟಿಪಿ ಬರುವ ಸಿಮ್ ಕೈಯಲ್ಲಿರಬೇಕು. ನಮ್ಮ ಅತ್ತೆಯವರ ಆಧಾರ್‌ನಲ್ಲಿರುವುದು ಎಂದೋ ಬಿಸಾಡಿದ ಸಿಮ್ಮಿನ ಸಂಖ್ಯೆ. ಹಾಗಾಗಿ ಅವರ ಟಿಕೆಟನ್ನೂ ನನ್ನ ಖಾತೆಯಿಂದಲೇ ಮಾಡಿಸುತ್ತೇನೆ. ಅದಕ್ಕೇನೂ ಅಡ್ಡಿಯಿಲ್ಲ.

ಅಂಕ ಕಡಿತ ಇಲ್ಲಿ: ಇಷ್ಟೆಲ್ಲ ಆದರೂ ಗುರುತಿನ ಚೀಟಿಯ ಕಾಟ ತಪ್ಪದು. ಒಂದು ಟಿಕೆಟಿನಲ್ಲಿರುವವರ ಪೈಕಿ ಒಬ್ಬರಾದರೂ ರೈಲಿನಲ್ಲಿ ಮೂಲ ಚೀಟಿ ತೋರಿಸಲೇಬೇಕು, ಜೆರಾಕ್ಸ್ ನಡೆಯದು.