ಶನಿವಾರ ರಾತ್ರಿಗೆ ಯಾವ ಕ್ರೈಂ ಸಿನಿಮಾ?

ಒಂದಕ್ಕೊಂದು ಹೆಣೆದುಕೊಂಡ ಕಥೆಗಳು, ನಗಿಸುತ್ತಲೇ ಬೆಚ್ಚಿಬೀಳಿಸುವ ಕ್ರೈಂ ಸಿನಿಮಾ ಬೇಕು ಅಂದಿರಿ. ಮೂರನ್ನು ಎದುರಿಗಿಡುತ್ತೇನೆ: ‘ಪಲ್ಪ್ ಫಿಕ್ಷನ್’ (1994), ‘ಉಳಿದವರು ಕಂಡಂತೆ’ (2014), ತಮಿಳಿನ ‘ಸೂಪರ್ ಡಿಲಕ್ಸ್’ (2019).

ಮೊದಲು ಸಮಯ. ಸೂಪರ್ ಡಿಲಕ್ಸ್ ಹತ್ತಿರಹತ್ತಿರ ಮೂರು ಗಂಟೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಸುಸ್ತಾಗಿ ಬಂದ ರಾತ್ರಿ ಬೇಡ, ರಜೆಯ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಉಳಿದೆರಡು ಅದಕ್ಕಿಂತ ಚಿಕ್ಕವು.

ಕರಾಳ ನಗು ಜಾಸ್ತಿ ಬೇಕಾ? ಪಲ್ಪ್ ಫಿಕ್ಷನ್ ನೋಡಿ. ಕೊಲೆಗಾರರು ಬರ್ಗರ್ ಬಗ್ಗೆ ಹರಟುತ್ತಲೇ ಕೆಲಸಕ್ಕೆ ಹೋಗುತ್ತಾರೆ! ಘಟನೆಗಳು ಹಿಂದುಮುಂದಾಗಿ ಬರುತ್ತವೆ, ಫೋನ್ ಪಕ್ಕಕ್ಕಿಡಿ.

ಸೂಪರ್ ಡಿಲಕ್ಸ್‌ನಲ್ಲಿ ಹೆಣ ಸಾಗಿಸಲು ಒದ್ದಾಡುವ ಗಂಡ-ಹೆಂಡತಿ ನಗಿಸುತ್ತಾರೆ. ಆದರೆ ವರ್ಷಗಳ ನಂತರ ಹೆಣ್ಣಾಗಿ ಮನೆಗೆ ಮರಳುವ ಶಿಲ್ಪಾ, ಅವಳನ್ನು ಹಾಗೇ ಒಪ್ಪಿಕೊಳ್ಳುವ ಪುಟ್ಟ ಮಗ... ಶಿಲ್ಪಾ ಆಗಿ ವಿಜಯ್ ಸೇತುಪತಿ ಇಲ್ಲಿ ಎದೆ ಹಿಂಡುತ್ತಾರೆ. ಮೂರರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ರಕ್ಷಿತ್ ಶೆಟ್ಟಿಯವರ ಉಳಿದವರು ಕಂಡಂತೆಯಲ್ಲಿ ನಗು ಕಡಿಮೆ. ಮಲ್ಪೆಯ ಕಡಲು, ಹುಲಿವೇಷ, ಕರಾವಳಿಯ ಮಾತು, ಒಂದೇ ಘಟನೆಗೆ ಹಲವರ ಕಣ್ಣು. ಸಬ್‌ಟೈಟಲ್ ಓದುವ ಗೋಜು ಬೇಡ ಅನ್ನುವವರಿಗೆ ಇದು ಸರಿ. ಅಜನೀಶ್ ಲೋಕನಾಥ್ ಸಂಗೀತಕ್ಕಾದರೂ ಒಳ್ಳೆಯ ಸ್ಪೀಕರ್‌ನಲ್ಲಿ ಕೇಳಿ.

ಮನೆಯಲ್ಲಿ ಮಕ್ಕಳಿದ್ದರೆ ಪಲ್ಪ್ ಫಿಕ್ಷನ್, ಸೂಪರ್ ಡಿಲಕ್ಸ್ ಎರಡನ್ನೂ ಅವರು ಮಲಗಿದ ಮೇಲೆ ಹಾಕಿ. ಬೈಗುಳ, ರಕ್ತ ಎರಡೂ ಧಾರಾಳ.